ಇ ಅಕ್ಷರದ ಪಕ್ಕದ ಜಾಗ

ಕುದುರೆಯ ಅಂಗಳದಲ್ಲಿ ನನಗೆಂದು ಒಂದು ಅಕ್ಷರವಿತ್ತು.

ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಆ ಮರಳಿನ ಅಂಗಳದ ಸುತ್ತ ಬಿಳಿ ಹಲಗೆಗಳ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ಬರೆದು ನಿಲ್ಲಿಸಿರುತ್ತಾರೆ. ಕುದುರೆ ಒಳಗೆ ಬರುವುದು ಎ ಇರುವಲ್ಲಿ. ಅದಕ್ಕೆ ನೇರ ಎದುರಿಗೆ, ಸಿ ಇರುವಲ್ಲಿ, ತೀರ್ಪುಗಾರರ ಮೇಜು. ಉದ್ದದ ಒಂದು ಬದಿಯ ನಡುವೆ ಇ, ಇನ್ನೊಂದು ಬದಿಯ ನಡುವೆ ಬಿ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ನಡಿಗೆ ಬದಲಿಸಬೇಕು ಎಂಬುದೆಲ್ಲ ಮೊದಲೇ ಅಚ್ಚಾದ ಒಂದು ಹಾಳೆಯಲ್ಲಿರುತ್ತದೆ. ಡ್ರೆಸಾಜ್ ಎನ್ನುವ ಈ ಸವಾರಿಯಲ್ಲಿ ಯಾರನ್ನೂ ಹಿಂದಿಕ್ಕುವುದಿಲ್ಲ, ಯಾವ ಬೇಲಿಯನ್ನೂ ಹಾರುವುದಿಲ್ಲ. ಕುದುರೆಯೂ ಸವಾರಳೂ ಒಬ್ಬರಿಗೊಬ್ಬರು ಭಾರವಾಗದಂತೆ ಆ ಹಾಳೆಯನ್ನು ನಡೆದು ಮುಗಿಸಬೇಕು, ಅಷ್ಟೆ. ಹೊಸಬರಿಗೆ ಒಂದು ರಿಯಾಯಿತಿ ಇದೆ: ಅಂಗಳದ ಹೊರಗೆ ನಿಂತು ಒಬ್ಬರು ಆ ಹಾಳೆಯನ್ನು ಗಟ್ಟಿಯಾಗಿ ಓದಬಹುದು. ನನ್ನ ಮೊಮ್ಮಗಳು ಮನಸ್ವಿನಿಗೆ ಓದುತ್ತಿದ್ದವನು ನಾನು. ನನ್ನ ಜಾಗ ಇ.

ಧಾರವಾಡದಿಂದ ವಿಮಾ ಕಚೇರಿಯ ವರ್ಗಾವಣೆಯ ಮೇಲೆ ವಡೋದರೆಗೆ ಬಂದವನು ನಾನು. ಅಲ್ಕಾಪುರಿಯ ಕಚೇರಿಯಲ್ಲಿ ನಿವೃತ್ತನಾಗಿ, ಗೋರ್ವಾದ ಮೂರನೆಯ ಮಹಡಿಯ ಮನೆಯಲ್ಲಿ ಮಗ ಹೃಷಿಕೇಶನ ಸಂಸಾರದೊಂದಿಗೆ ಇದ್ದೇನೆ. ಕಪಾಟಿನ ತುಂಬ ಕವನ ಸಂಕಲನಗಳಿವೆ. ಅವುಗಳನ್ನು ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ಐವತ್ತು ವರ್ಷದ್ದು. ಕೇಳುವವರು ಮಾತ್ರ ಕಡಿಮೆ. ಹೆಂಡತಿ ಪದ್ಮಾ ಮೊದಲ ಹತ್ತು ವರ್ಷ ಕೇಳಿದಳು. ಹದಿನಾಲ್ಕು ವರ್ಷದ ಮನಸ್ವಿನಿಗೆ ಇಂಗ್ಲಿಷ್, ಹಿಂದಿ, ಗುಜರಾತಿ ನೀರಿನಂತೆ ಬರುತ್ತವೆ. ಕನ್ನಡ ಎಂದರೆ ಊಟ, ತಿಂಡಿ ಮತ್ತು ಬೈಗುಳ.

ಆದ್ದರಿಂದ, ಕಾರ್ಖಾನೆಗಳ ಸಾಲು ಮುಗಿದಲ್ಲಿ ಮನಸ್ವಿನಿ ಕಲಿಯುತ್ತಿದ್ದ ಸವಾರಿ ಶಾಲೆಯ ಶಿಕ್ಷಕಿ ಗೌತಮಿಬೆನ್ ಒಂದು ದಿನ, "ಕಾಕಾ, ಸುಮ್ಮನೆ ಕೂತು ಸೊಳ್ಳೆ ಕಡಿಸಿಕೊಳ್ಳುವ ಬದಲು ಈ ಹುಡುಗಿಗೆ ಹಾಳೆ ಓದಿ. ಅಭ್ಯಾಸದಲ್ಲಿ ಯಾವ ಭಾಷೆಯಾದರೂ ಆದೀತು" ಎಂದಾಗ ನನಗಾದ ಸಂತೋಷವನ್ನು ನಾನು ಮುಚ್ಚಿಟ್ಟುಕೊಳ್ಳಬೇಕಾಯಿತು. ಅಂದು ರಾತ್ರಿಯೇ ಇಡೀ ಹಾಳೆಯನ್ನು ಕನ್ನಡಕ್ಕೆ ತಂದೆ. 'ಟ್ರಾಟ್' ಎಂಬ ಕುದುರೆಯ ಸಣ್ಣ ಓಟಕ್ಕೆ ನಿಘಂಟಿನಲ್ಲಿ 'ಕುಕ್ಕುಲೋಟ' ಎಂಬ ಚೆಲುವಾದ ಮಾತು ಸಿಕ್ಕಿತು. ಸಾಲುಗಳನ್ನು ಉಸಿರಿಗೆ ತಕ್ಕಂತೆ ಮುರಿದೆ.

ಎ ಇಂದ ಒಳಗೆ, ನಡುಗೆರೆಯ ಮೇಲೆ,
ಕುಕ್ಕುಲೋಟ.
ಅಂಗಳದ ಎದೆಯಲ್ಲಿ ನಿಲುಗಡೆ.
ವಂದನೆ.

"ಇದೇನ್ರೀ ಇದು, ಕುದುರಿಗೆ ಕವಿತಾ ಬರದೀರೇನು?" ಎಂದಳು ಪದ್ಮಾ.

"ಕುದುರೆಗಲ್ಲ."

"ಹಂಗಾರ ಕೂಸಿಗೆ. ಪಾಪ, ಕುದುರಿ ಮ್ಯಾಲ ಕೂತಾಗ ಎದ್ದು ಹೋಗ್ಲಿಕ್ಕೂ ಬರೂದಿಲ್ಲ ಅದಕ್ಕ."

ಮನಸ್ವಿನಿ ಎದ್ದು ಹೋಗಲಿಲ್ಲ. ಆ ಚಳಿಗಾಲದ ಮುಂಜಾವುಗಳಲ್ಲಿ ನಾನು ಓದಿದ ಒಂದೊಂದು ಸಾಲೂ ನನ್ನ ಕಣ್ಣೆದುರೇ ಮರಳಿನ ಮೇಲೆ ಗೆರೆಯಾಗಿ, ವೃತ್ತವಾಗಿ ಮೂಡುತ್ತಿತ್ತು. ಯಾವ ಕೇಳುಗನೂ ನನ್ನ ಓದಿಗೆ ಹಾಗೆ ಓಗೊಟ್ಟಿರಲಿಲ್ಲ.

ಅವಳ ಕುದುರೆ ಢೇಲ್. ಗುಜರಾತಿಯಲ್ಲಿ ಹಾಗೆಂದರೆ ಹೆಣ್ಣು ನವಿಲು. ಕಾಠಿಯಾವಾಡಿ ತಳಿಯ ಕಂದು ಬಣ್ಣದ ಹೆಣ್ಣು. ಕಿವಿಗಳು ಒಳಕ್ಕೆ ಬಾಗಿ ತುದಿಯಲ್ಲಿ ಒಂದನ್ನೊಂದು ಮುಟ್ಟುತ್ತವೆ, ಏನೋ ಗುಟ್ಟು ಹಂಚಿಕೊಳ್ಳುವಂತೆ. ಮನಸ್ವಿನಿ ಆ ಕಿವಿಗಳ ನಡುವಿನ ಕಿಂಡಿಯಲ್ಲೇ ಜಗತ್ತನ್ನು ನೋಡುತ್ತಿದ್ದಳು.

ಡಿಸೆಂಬರಿನಲ್ಲಿ ಸೂರತ್ತಿನಲ್ಲಿ ಮೊದಲ ಸ್ಪರ್ಧೆ ನಡೆಯಿತು. ಹಿಂದಿನ ದಿನವೇ ಹೋಗಿ ಅಡಾಜಣ್‌ನ ಪರಿಚಯದವರ ಮನೆಯಲ್ಲಿ ಉಳಿದುಕೊಂಡಿದ್ದೆವು. ಸ್ಪರ್ಧೆಯಲ್ಲಿ ಹಾಳೆಯನ್ನು ಇಂಗ್ಲಿಷಿನಲ್ಲೇ ಓದಬೇಕು, ಓದಿದೆ. ನೂರಕ್ಕೆ ಐವತ್ನಾಲ್ಕು ಬಂತು. ತೀರ್ಪುಗಾರರು ಕೊನೆಗೆ ಬರೆದಿದ್ದರು: 'ಒಳ್ಳೆಯ ಕುದುರೆ. ಸವಾರಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಾಳೆ.'

ಮರುದಿನ ಗೌತಮಿಬೆನ್ ಢೇಲ್‌ಳ ಜೀನು ಇಳಿಸಿ, ಬೆನ್ನುಮೂಳೆಯ ಎರಡೂ ಬದಿಗೆ ಬೆರಳೊತ್ತಿ ನೋಡಿದರು. ಬೆರಳು ತಾಕಿದಲ್ಲಿ ಕುದುರೆ ಬೆನ್ನನ್ನು ಕೆಳಕ್ಕೆ ತಗ್ಗಿಸಿತು.

"ನೋಡು. ನೀನು ವಾಲಿದಾಗ ಜೀನು ವಾಲುತ್ತದೆ. ಜೀನು ವಾಲಿದರೆ ಇವಳಿಗೆ ನೋವು. ಇವಳು ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಜನವರಿಯಲ್ಲಿ ಅಹಮದಾಬಾದಿನಲ್ಲಿ ಅರವತ್ತು ತೆಗೆದುಕೊಂಡು ಬಾ, ಢೇಲ್ ಇನ್ನೊಂದು ವರ್ಷ ನಿನ್ನವಳು. ಇಲ್ಲದಿದ್ದರೆ ಬೇರೆ ಸವಾರರಿಗೆ ಕೊಟ್ಟು ನಿನ್ನನ್ನು ಮುದಿ ಕುದುರೆಗಳ ಮೇಲೆ ಕೂರಿಸುತ್ತೇನೆ. ಅವಕ್ಕೆ ಏನೂ ತಿಳಿಯುವುದಿಲ್ಲ."

ಮನಸ್ವಿನಿ ಮನೆಗೆ ಬಂದವಳು ಹಾಸಿಗೆಯ ಮೇಲೆ ಕವುಚಿ ಮಲಗಿ, "ಅಜ್ಜಾ, ಐ ವಿಲ್ ಡೈ" ಎಂದಳು.

"ಮೊದಲು ಉಪ್ಪಿಟ್ಟು ತಿನ್ನು," ಎಂದಳು ಪದ್ಮಾ.

ಆಮೇಲೆ ಶುರುವಾಯಿತು ಚಿಕಿತ್ಸೆ. ಗೌತಮಿಬೆನ್ ಸವಾರರು ಕಾಲಿಡುವ ರಿಕಾಪುಗಳ ಪಟ್ಟಿಯನ್ನು ಅಳೆದರು, ಎರಡೂ ಸಮ. ಹೃಷಿಕೇಶ ಮಗಳನ್ನು ಮೂಳೆ ವೈದ್ಯರ ಬಳಿ ಕರೆದೊಯ್ದ, ಕಾಲುಗಳೂ ಸಮ. ಪದ್ಮಾ ಶಾಲೆಯ ಚೀಲದ ಮೇಲೂ ಮೊಬೈಲಿನ ಮೇಲೂ ಆಪಾದನೆ ಹೊರಿಸಿದಳು. ಗೌತಮಿಬೆನ್ ಉದ್ದದ ಹಗ್ಗ ಹಿಡಿದು ನಡುವೆ ನಿಂತು, ರಿಕಾಪು ಬಿಡಿಸಿ, ಕೈ ಚಾಚಿಸಿ, ಕಣ್ಣು ಮುಚ್ಚಿಸಿ ಢೇಲ್‌ಳನ್ನು ಸುತ್ತ ಓಡಿಸಿದರು. "ಸೀಧಿ ಬೇಸ್! ನೆಟ್ಟಗೆ ಕೂತುಕೋ! ತಲೆ ಎಂದರೆ ಕೋಲಿನ ತುದಿಗೆ ಸಿಕ್ಕಿಸಿದ ಕಲಿಂಗಡಿ. ಅದು ಒಂದು ಅಂಗುಲ ಸರಿದರೆ ಭುಜ ಸರಿಯುತ್ತದೆ, ಸೊಂಟ ಕುಸಿಯುತ್ತದೆ, ಜೀನಿನ ಮೇಲೆ ಕೂತ ಮೂಳೆ ಎದ್ದುಬಿಡುತ್ತದೆ!" ಆಶ್ಚರ್ಯವೆಂದರೆ, ಹಗ್ಗದ ತುದಿಯಲ್ಲಿ ಮನಸ್ವಿನಿ ದೀಪದ ಕಂಬದಷ್ಟು ನೇರ. ಅಕ್ಷರಗಳ ಅಂಗಳಕ್ಕೆ ಬಂದು ಹಾಳೆಯನ್ನು ನಡೆಯತೊಡಗಿದ ಕೂಡಲೇ ವಾಲುತ್ತಿದ್ದಳು.

"ಡೊಂಕಿದ್ದವರು ಯಾವಾಗಲೂ ಒಂದೇ ಕಡೆಗೆ ಡೊಂಕು," ಎಂದರು ಗೌತಮಿಬೆನ್, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತ. "ಎರಡೂ ಕಡೆ ಡೊಂಕಾಗುವವಳನ್ನು ಮೂವತ್ತು ವರ್ಷದಲ್ಲಿ ಇವಳೊಬ್ಬಳನ್ನೇ ನೋಡಿದ್ದು."

ಆ ಭಾನುವಾರ ಇ ಬದಿಯ ನೀರಿನ ಪೈಪು ಒಡೆದು ಅಲ್ಲೆಲ್ಲ ಕೆಸರಾಗಿತ್ತು. ನಾನು ಹಾಳೆ ಹಿಡಿದು ಎದುರು ಬದಿಗೆ, ಬಿ ಅಕ್ಷರದ ಪಕ್ಕಕ್ಕೆ ಹೋಗಿ ನಿಂತೆ. ಓದತೊಡಗಿದೆ. ನಿತ್ಯ ಎಡಕ್ಕೆ ವಾಲುತ್ತಿದ್ದ ತಿರುವಿನಲ್ಲಿ ಮನಸ್ವಿನಿ ಬಲಕ್ಕೆ ವಾಲಿದಳು. ಬಲಕ್ಕೆ ವಾಲುತ್ತಿದ್ದಲ್ಲಿ ಎಡಕ್ಕೆ. ನನ್ನ ಪಕ್ಕದಲ್ಲೇ ಹಾದು ಹೋದಾಗ ಮಾತ್ರ ನೆಟ್ಟಗಿದ್ದಳು. ದೂರ ಹೋದಂತೆಲ್ಲ ಅವಳ ಗಲ್ಲ ನನ್ನ ಕಡೆ ತಿರುಗುತ್ತಿತ್ತು, ಆಮೇಲೆ ಕಿವಿ, ಭುಜ, ಸೊಂಟ. ಸಾಲಿನ ಕೊನೆಯ ಮಾತು ಕೇಳಿಸುವವರೆಗೆ ಹಾಗೆಯೇ ಇದ್ದು, ಮತ್ತೆ ಸರಿಯಾಗುತ್ತಿದ್ದಳು.

ಕವಿತೆ ಓದುವಾಗ ನನ್ನ ಧ್ವನಿ ಸಾಲಿನ ಕೊನೆಗೆ ಇಳಿಯುತ್ತದೆ. ಕೊನೆಯ ಪದವನ್ನು ನಾನು ಹೇಳುವುದಿಲ್ಲ, ಮೆಲ್ಲನೆ ಕೆಳಗಿಡುತ್ತೇನೆ. ಇಂಗ್ಲಿಷ್ ಹಾಳೆಯನ್ನೂ ಹಾಗೆಯೇ ಓದಿದ್ದೆ. ಆ ಕೊನೆಯ ಪದವನ್ನು ಎತ್ತಿಕೊಳ್ಳಲು ಮಗು ಕುದುರೆಯ ಮೇಲಿಂದ ಬಗ್ಗುತ್ತಿತ್ತು.

ಅಂದೇ ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದರೆ ನನ್ನ ಜಾಗ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಗಟ್ಟಿಯಾಗಿ ಓದಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಂಗಳವಾರ "ಎ ಇಂದ ಒಳಗೆ!" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಢೇಲ್ ಬೆಚ್ಚಿ ಎರಡು ಹೆಜ್ಜೆ ಪಕ್ಕಕ್ಕೆ ಜಿಗಿದಳು. "ಕುಕ್ಕುಲೋಟ" ಮಾತ್ರ ಎಂದಿನಂತೆ ನನ್ನ ಗಂಟಲಲ್ಲೇ ಉಳಿಯಿತು. ಬುಧವಾರವೂ ಅದೇ ಕತೆ. ಐವತ್ತು ವರ್ಷದ ಓದು ಮೂರು ದಿನದಲ್ಲಿ ಬದಲಾಗುವುದಿಲ್ಲ.

ಗುರುವಾರ ಜೀನು ಇಳಿಸಿದ ಮೇಲೆ ನಾನೇ ಢೇಲ್‌ಳ ಬೆನ್ನ ಮೇಲೆ ಕೈಯಿಟ್ಟೆ. ಒತ್ತಲೂ ಇಲ್ಲ, ಅಂಗೈ ಇಟ್ಟೆ ಅಷ್ಟೆ. ಅವಳು ಬೆನ್ನನ್ನು ಕೆಳಕ್ಕೆ ಎಳೆದುಕೊಂಡು, ತಲೆ ತಿರುಗಿಸಿ, ಬಾಗಿದ ಆ ಎರಡು ಕಿವಿಗಳ ನಡುವಿನಿಂದ ನನ್ನನ್ನು ನೋಡಿದಳು.

"ಗೌತಮಿಬೆನ್, ಮನಸ್ವಿನಿ ವಾಲುವುದು ನನ್ನ ಕಡೆಗೆ," ಎಂದೆ. ಎಲ್ಲವನ್ನೂ ಹೇಳಿದೆ. ಭಾನುವಾರದಿಂದ ಗೊತ್ತಿತ್ತು ಎಂಬುದನ್ನೂ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನಕ್ಕುಬಿಟ್ಟರು. "ಕಾಕಾ, ನಾನು ರಿಕಾಪು ಅಳೆದೆ, ಜೀನು ಅಳೆದೆ, ಹುಡುಗಿಯ ಕಾಲು ಅಳೆಸಿದೆ. ನಿಮ್ಮನ್ನು ಅಳೆಯಲಿಲ್ಲ ನೋಡಿ."

ನಗದೇ ಇದ್ದವಳು ಮನಸ್ವಿನಿ. "ನಾಲ್ಕು ದಿನ? ಅಜ್ಜಾ, ನಿಂಗ ಗೊತ್ತಿತ್ತು, ಹೇಳ್ಲಿಲ್ಲ? ಢೇಲ್‌ಗ ದರ್ದ್ ಆಗ್ತಿತ್ತು!"

"ತಪ್ಪಾತವ್ವಾ."

"ಯಾಕ ಹೇಳ್ಲಿಲ್ಲ?"

"ನಿನಗ ನಾ ಓದಿ ಹೇಳೂದು ತಪ್ಪಿ ಹೋಗ್ತದಲ್ಲಾ ಅಂತ."

ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿದಳು, ಮತ್ತೆ ಹಾಕಿದಳು. ಕೋಪ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವಳ ಮುಖದಲ್ಲೇ ಸುತ್ತಾಡುತ್ತಿತ್ತು. "ಬಟ್ ನೀ ಓದ್ಲಿಲ್ಲ ಅಂದ್ರ ನಂಗ ಮರ್ತು ಹೋಗ್ತದ. ಒಂದು ಟರ್ನ್ ತಪ್ಪಿದ್ರೂ ಮಾರ್ಕ್ಸ್ ಕಟ್. ಹತ್ತೇ ದಿನ ಅದ."

ಓದುವವರನ್ನು ಬದಲಿಸಬಹುದಿತ್ತು. ಗೌತಮಿಬೆನ್ ಒಪ್ಪಲಿಲ್ಲ, ಯಾರು ಓದಿದರೂ ಇವಳ ಕಿವಿ ಈಗ ಅತ್ತಲೇ ಎಳೆಯುತ್ತದೆ, ಬಾಯಿಪಾಠ ಮಾಡಲಿ ಎಂದರು.

ಹಾಗೆ ನಮ್ಮ ಮನೆಯ ಹಜಾರ ಅಂಗಳವಾಯಿತು. ಸೋಫಾವನ್ನು ಗೋಡೆಗೆ ತಳ್ಳಿದೆವು. ಅಕ್ಷರಗಳನ್ನು ಚೀಟಿಯಲ್ಲಿ ಬರೆದು ನೆಲದ ಹಂಚಿಗೆ ಅಂಟಿಸಿದೆವು. ಫ್ರಿಜ್ಜಿನ ಮುಂದೆ ಸಿ. ಅಲ್ಲಿ ಪದ್ಮಾ ಕುರ್ಚಿ ಹಾಕಿಕೊಂಡು, ಮೊರದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕುಳಿತಳು. ಮನಸ್ವಿನಿ ಕಾಲ್ನಡಿಗೆಯಲ್ಲಿ ಹಾಳೆಯನ್ನು ನಡೆದಳು. ಮೂರನೆಯ ತಿರುವಿಗೆ ನಿಂತು ನನ್ನ ಮುಖ ನೋಡಿದಳು. ನಾನು ತುಟಿ ಕಚ್ಚಿಕೊಂಡೆ. ಎರಡನೆಯ ದಿನವೂ ಅಲ್ಲೇ ನಿಂತಳು.

"ಓದಾವ್ರು ಸುಮ್ನ ಕೂತ್ರ ಇದು ಆಗೂ ಕೆಲಸ ಅಲ್ಲ," ಎಂದಳು ಪದ್ಮಾ ಸೊಪ್ಪಿನಿಂದ ತಲೆಯೆತ್ತದೆ. "ಕೂಸೇ, ನೀ ಓದು. ಅವರು ಕುದುರಿ ಆಗ್ಲಿ. ಐವತ್ತು ವರ್ಷ ಬ್ಯಾರೇದವರಿಗೆ ಓದಿ ಹೇಳ್ಯಾರ, ಒಮ್ಮೆ ಕೇಳ್ಲಿ."

ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ನಾನು ಬಾಗಿಲ ಬಳಿಯ ಎ ಇಂದ ಹಜಾರವನ್ನು ಪ್ರವೇಶಿಸಿದೆ. ಮನಸ್ವಿನಿ ಹಾಳೆಯಿಂದ ನನ್ನ ಕನ್ನಡವನ್ನು ಓದಿದಳು. ಅಕ್ಷರ ಕೂಡಿಸಿಕೊಂಡು, ತಡವರಿಸಿ, 'ವೃತ್ತ'ವನ್ನು ನಾಲ್ಕು ರೀತಿಯಲ್ಲಿ ಉಚ್ಚರಿಸಿ. ಎರಡು ದಿನದ ಮೇಲೆ ಹಾಳೆ ಮಡಚಿದಳು. ನಾನು ಬೇಕೆಂದೇ ತಪ್ಪು ತಿರುಗಿದರೆ, "ನೋ ನೋ! ಆ ಕಡೆ ಅಲ್ಲ, ಬಿ ಹತ್ರ ದೊಡ್ಡ ವೃತ್ತ!" ಎಂದು ಓಡಿ ಬಂದು ನನ್ನ ತೋಳು ಹಿಡಿದು ತಿರುಗಿಸುತ್ತಿದ್ದಳು. ಕೆಲವು ಸಲ ಬೇಕೆಂದೇನೂ ತಪ್ಪುತ್ತಿರಲಿಲ್ಲ.

"ಬೆನ್ನು ಗೂನು. ಕಾಲು ಎಳಕೊಂಡು ನಡೀತೀರಿ. ಹತ್ತಕ್ಕ ನಾಕು," ಎಂದು ತೀರ್ಪು ಕೊಟ್ಟಳು ಪದ್ಮಾ.

"ವಂದನೆ?"

"ವಂದನೆಗೆ ಏಳು. ಅದೊಂದು ಇಷ್ಟು ವರ್ಷದಾಗ ಕಲ್ತೀರಿ."

ಅಹಮದಾಬಾದಿನ ಬೆಳಿಗ್ಗೆ ತಣ್ಣಗಿತ್ತು. ಸಂಕ್ರಾಂತಿಯ ಗಾಳಿಪಟದ ಹಬ್ಬ ಮುಗಿದು ವಾರವಾಗಿದ್ದರೂ ಅಂಗಳದಾಚೆಯ ಬೇವಿನ ಮರಗಳಲ್ಲಿ ಹರಿದ ಕಾಗದಗಳು ಇನ್ನೂ ಸಿಕ್ಕಿಕೊಂಡಿದ್ದವು. ಸವಾರರಲ್ಲಿ ಹೆಚ್ಚಿನವರಿಗೆ ಓದುವವರಿದ್ದರು. ನಮ್ಮ ಸರದಿ ಬಂದಾಗ ಇ ಅಕ್ಷರದ ಪಕ್ಕ ಖಾಲಿಯಾಗಿತ್ತು.

ನಾನು ಎಲ್ಲಿ ನಿಲ್ಲಬೇಕೆಂದು ಗೌತಮಿಬೆನ್ ಮೊದಲೇ ಹೇಳಿದ್ದರು: ಎ ಅಕ್ಷರದ ಹಿಂದೆ, ಕುದುರೆಗಳು ಒಳಹೋಗುವ ದಾರಿಯ ಪಕ್ಕ. "ಒಳಗೆ ಹೋದವಳು ಹಿಂತಿರುಗಿ ನೋಡುವ ಹಾಗಿಲ್ಲ, ಕಾಕಾ. ನಿಮಗೆ ಅದೇ ಸುರಕ್ಷಿತ."

ಗಂಟೆ ಬಾರಿಸಿದರು. ಢೇಲ್ ನನ್ನನ್ನು ದಾಟಿ ನಡುಗೆರೆಯ ಮೇಲೆ ಹೊರಟಳು. ಮೂರು ತಿಂಗಳು ಇ ಪಕ್ಕದಲ್ಲಿ ನಿಂತು ನಾನು ಮೊಮ್ಮಗಳ ಕೆನ್ನೆ, ಮೂಗು, ಲಗಾಮು ಹಿಡಿದ ಕೈ ನೋಡಿದ್ದೆ. ಬೆನ್ನು ನೋಡಿರಲಿಲ್ಲ. ಕಪ್ಪು ಕೋಟಿನ ನಡುವಿನ ಹೊಲಿಗೆ ಕುದುರೆಯ ಬಾಲದ ನೇರಕ್ಕೆ, ಹೆಲ್ಮೆಟ್ಟಿನ ಕೆಳಗಿನ ಜಡೆ ಆ ಹೊಲಿಗೆಯ ನೇರಕ್ಕೆ. ಎಲ್ಲ ಒಂದೇ ಗೆರೆ. ಅಂಗಳದ ಎದೆಯಲ್ಲಿ ನಿಲುಗಡೆ. ವಂದನೆ.

ದೊಡ್ಡ ವೃತ್ತ ಬಂತು, ಮುಗಿಯಿತು. ಮೂರನೆಯ ತಿರುವು. ಅಲ್ಲಿ ಅವಳ ಹೆಲ್ಮೆಟ್ಟು ಇ ಕಡೆಗೆ ಒಂದಿಷ್ಟು ತಿರುಗಿತು. ಯಾರೂ ಇಲ್ಲದ ಆ ಜಾಗದ ಕಡೆಗೆ. ನನ್ನ ಬಾಯಲ್ಲಿ ಪದ ಸಿದ್ಧವಾಗಿತ್ತು. ಗೌತಮಿಬೆನ್ ನನ್ನ ಮೊಣಕೈ ಹಿಡಿದುಕೊಂಡರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಹೆಲ್ಮೆಟ್ಟು ಮೆಲ್ಲನೆ ಢೇಲ್‌ಳ ಕಿವಿಗಳ ನಡುವಿಗೆ ಮರಳಿತು. ಭುಜ ಅಲುಗಲಿಲ್ಲ. ಅವಳು ತಿರುಗಬೇಕಾದಲ್ಲಿ ತಿರುಗಿದಳು.

ಅರವತ್ತೊಂದೂವರೆ.

ಫಲಿತಾಂಶ ಬರುವ ಮೊದಲೇ, ಅಂಗಳದಿಂದ ಹೊರಬಂದು ಇಳಿದವಳು ಲಗಾಮನ್ನು ನನ್ನ ಕೈಗೆ ಕೊಟ್ಟು ಕೇಳಿದ್ದಳು: "ಅಜ್ಜಾ, ಕೇಳಿಸ್ತೇನು?"

"ಏನವ್ವಾ?"

"ನಾ ಮನಸಿನೊಳಗ ಅಂತಿದ್ದೆ. ಎಲ್ಲಾ ಲೈನ್. ನಿನ್ನ ವಾಯ್ಸ್‌ನ್ಯಾಗ." ಅವಳ ಏದುಸಿರು ಇನ್ನೂ ಇಳಿದಿರಲಿಲ್ಲ. "ಆದ್ರ ಲಾಸ್ಟ್ ವರ್ಡ್ ಮಾತ್ರ ನಾ ಜೋರಾಗಿ ಅಂದೆ."

ಜೀನು ಇಳಿಸಿದರು. ನಾನು ಢೇಲ್‌ಳ ಬೆಚ್ಚನೆಯ ಒದ್ದೆ ಬೆನ್ನ ಮೇಲೆ ಅಂಗೈಯಿಟ್ಟು, ಸ್ವಲ್ಪ ಒತ್ತಿದೆ. ಅವಳು ಕದಲಲಿಲ್ಲ, ಒಂದು ಕಾಲು ಸಡಿಲ ಬಿಟ್ಟು, ನನ್ನ ಕೋಟಿನ ಕಿಸೆಯಲ್ಲಿ ಬೆಲ್ಲ ಹುಡುಕತೊಡಗಿದಳು. ಆಗ ಪದ್ಮಾಳ ಫೋನು ಬಂತು. ಬೆನ್ನು ನೆಟ್ಟಗಿತ್ತೇ ಎಂದು ಕೇಳಿದಳು. ಇತ್ತು ಎಂದೆ.

"ಯಾರದು? ಆಕೀದೋ, ಕುದುರೀದೋ?"

"ಇಬ್ಬರದೂ."

"ನಿಮ್ಮದು?"

ನಾನು ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಫೋನು ಹಿಡಿದು, ಇದ್ದಲ್ಲೇ ಸ್ವಲ್ಪ ನೆಟ್ಟಗೆ ನಿಂತುಕೊಂಡೆ.