ಹೋಬ್ಸ್‌ನ ಬೆನ್ನು

ಮೊಲದ ಗೂಡು ಕಟ್ಟುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಲವತ್ತು ವರ್ಷ ಈ ಮನೆಯ ಮಾಳಿಗೆಯ ಮೇಲೆ ಮೊಲ ಸಾಕಿದವನು ನಾನು. ನಮ್ಮ ಬೀದಿಯವರು ಭಾನುವಾರ ಬೆಳ್ಳುಳ್ಳಿ, ವೈನ್ ಹಾಕಿ ಬೇಯಿಸಿದ ಮೊಲಗಳಲ್ಲಿ ಅರ್ಧ ನನ್ನವೇ. ಮಾಲ್ಟಾದಲ್ಲಿ ಹುಟ್ಟಿ ಇಷ್ಟೂ ಬಾರದಿದ್ದರೆ ಹೇಗೆ?

ಬೇಸಿಗೆ ರಜೆಗೆ ಮೊಮ್ಮಗಳು ಇಲೇನಿ ತನ್ನ ಮುದ್ದಿನ ಮೊಲವನ್ನೂ ಎತ್ತಿಕೊಂಡು ಬಂದಳು. ಹೋಬ್ಸ್ ಅಂತೆ ಹೆಸರು. ನಮ್ಮ ಮಾಲ್ಟಾದ ಮಾತಿನಲ್ಲಿ ಹಾಗೆಂದರೆ ಬ್ರೆಡ್ಡು! ನಾನು ಮೊಲಕ್ಕೆ ಹೆಸರಿಟ್ಟವನೇ ಅಲ್ಲ. ಅದನ್ನು ಎತ್ತಿಕೊಂಡದ್ದೇ ತಡ, ನನ್ನ ಹೆಬ್ಬೆರಳು ತಾನಾಗಿ ಸೊಂಟದ ಹತ್ತಿರ ಹೋಗಿ ಅಮುಕಿತು. ಅಲ್ಲಿ ಮಾಂಸ ಎಷ್ಟು ತುಂಬಿದೆ ಎಂದು ನೋಡಿಯೇ ನಾವು ಕೊಯ್ಯುವ ಮೊಲವನ್ನು ಆರಿಸುವುದು.

“ತಾತ! ಅವನ ಬೆನ್ನು ಮುಟ್ಬೇಡ! ನೀನು ಮಾಂಸ ನೋಡ್ತಿದೀಯ, ನಂಗೊತ್ತು.” ಒಂಬತ್ತು ವರ್ಷದ ಹುಡುಗಿ, ಕಣ್ಣಲ್ಲಿ ಆಗಲೇ ನೀರು.

“ಇಲ್ಲ ಕಂದ, ಸುಮ್ನೆ…”

“ಸುಮ್ನೆ ಅಂತೆ!” ಅಡುಗೆಮನೆಯಿಂದ ನನ್ನ ಹೆಂಡತಿ ಕಾರ್ಮ್ನಿ ಕೂಗಿದಳು. “ಕೈ ಜೇಬಲ್ಲಿಟ್ಕೊಳೋ ಮುದುಕ.”

ಮಾಳಿಗೆಯ ಬಿಸಿಲು ಅವನಿಗೆ ಆಗುವುದಿಲ್ಲ, ಒಳಗೇ ಗೂಡು ಬೇಕು ಎಂದಳು ಇಲೇನಿ. ಹಡಗುಕಟ್ಟೆಯಲ್ಲಿ ಮರಗೆಲಸ ಮಾಡಿದ ಕೈ ನನ್ನದು. ನಡುಮನೆಯಲ್ಲಿ ಎರಡಂತಸ್ತಿನ ಗೂಡು ಎದ್ದಿತು. ಹತ್ತಲು ಓರೆ ಹಲಗೆ, ನೆಲಕ್ಕೆ ತಂತಿಬಲೆ. ಹಿಕ್ಕೆಯೆಲ್ಲ ಕೆಳಗಿನ ತಟ್ಟೆಗೆ ಬೀಳಬೇಕು, ಮನೆ ನಾರಬಾರದು. ಇಲೇನಿ ನನ್ನ ಕೆನ್ನೆಗೆ ಮುತ್ತಿಟ್ಟಳು. ನಾನು ಬೀಗಿದೆ, ಸುಳ್ಳೇಕೆ ಹೇಳಲಿ.

ಆರನೇ ವಾರ ಹೋಬ್ಸ್ ಮೂಲೆ ಹಿಡಿದ. ಸೊಪ್ಪು ಮೂಸಲೂ ಇಲ್ಲ. ಇಲೇನಿ ಎತ್ತಿ ತಿರುಗಿಸಿದರೆ, ಹಿಂಗಾಲುಗಳ ಅಡಿಯಲ್ಲಿ ಕೂದಲೆಲ್ಲ ಉದುರಿ ಹಸಿ ಹುಣ್ಣು. ಅವಳು ನನ್ನನ್ನೇ ನೋಡಿದಳು. ಮೊಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯೆಯ ಹತ್ತಿರ ಓಡಿದೆವು.

“ಹುಣ್ಣು ಮೂಳೆಗೆ ಇಳಿದ್ರೆ ಕಷ್ಟ,” ಎಂದಳು ಪಶುವೈದ್ಯೆ. “ತಂತಿ ಮೇಲೆ ಬಿಟ್ಟಿದ್ರಾ?”

“ಇಷ್ಟು ವರ್ಷ ತಂತಿ ಮೇಲೇ ಸಾಕಿದೀನಮ್ಮ. ಒಂದಕ್ಕೂ ಹೀಗಾಗಿಲ್ಲ.”

“ಅವು ಎಷ್ಟು ದಿನ ಬದುಕ್ತಿದ್ವು?”

ಪಕ್ಕದಲ್ಲೇ ಇಲೇನಿ ನಿಂತಿದ್ದಳು. “ಮೂರು ತಿಂಗಳು,” ಎಂದೆ. “ಹೆಚ್ಚಂದ್ರೆ ನಾಲ್ಕು.”

“ಇವನು ಹತ್ತು ವರ್ಷ ಬದುಕಬೇಕಾದವನು,” ಎಂದಳು ವೈದ್ಯೆ. “ಮೊದಲು ನೆಲ ಬದಲಾಯಿಸಿ. ನಾಳೆಯೊಳಗೆ ತಾನಾಗಿ ತಿನ್ನದಿದ್ರೆ ಕರ್ಕೊಂಡು ಬನ್ನಿ. ಮೊಲದ ಹೊಟ್ಟೆ ಕೆಲಸ ನಿಲ್ಲಿಸಿ ಹಿಕ್ಕೆ ಬರದಿದ್ರೆ ಜೀವ ಉಳಿಯೋದು ಕಷ್ಟ.”

ಮನೆಗೆ ಬಂದವನೇ ಇಕ್ಕಳ ಹಿಡಿದು ಬಲೆ ಕಿತ್ತೆ. ಬೆರಳು ಹರಿದು ರಕ್ತ ಬಂತು, ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ಹಲಗೆ ಹೊಡೆದೆ. ಕಾರ್ಮ್ನಿ ತನ್ನ ಒಳ್ಳೆಯ ಕಂಬಳಿಯನ್ನೇ ತಂದು ಹಾಸಿದಳು, ನಾನು ಅದರ ಮೇಲೆ ಒಣಹುಲ್ಲು ಹರಡಿದೆ. ಹೋಬ್ಸ್‌ನ ಪಾದಕ್ಕೆ ಮುಲಾಮು ಹಚ್ಚಿ, ಔಷಧದ ಗಂಜಿಯನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಕುಡಿಸಿದೆವು. ಅರ್ಧ ಗಲ್ಲದ ಮೇಲೇ ಹರಿಯಿತು. ಮರುದಿನ ಬೆಳಗ್ಗೆ ಹುಲ್ಲಿನ ಮೇಲೆ ಒಂದು ಹಿಕ್ಕೆಯೂ ಇರಲಿಲ್ಲ.

ಇಲೇನಿ ಗೂಡಿನ ಮುಂದೆ ಕೂತಿದ್ದಳು. “ತಾತ, ಅವನು ಸೊರಗಿದಾನಾ?”

“ನಂಗೇನು ಗೊತ್ತಾಗತ್ತೆ, ಕಂದ.”

“ನಿಂಗೇ ಗೊತ್ತಾಗೋದು.” ಮೊಲವನ್ನು ನನ್ನ ತೊಡೆಯ ಮೇಲಿಟ್ಟು, ನನ್ನ ಕೈ ಹಿಡಿದು ಅದರ ಬೆನ್ನಿಗೆ ಒತ್ತಿದಳು. “ಅಮುಕಿ ನೋಡು.”

ಹೆಬ್ಬೆರಳಿಗೆ ಮೂಳೆ ಸಿಕ್ಕಿತು. ಎಷ್ಟೋ ಸಾವಿರ ಬೆನ್ನು ಅಮುಕಿದವನು ನಾನು, ಎದೆ ಹೀಗೆ ಧಸಕ್ಕೆಂದದ್ದು ಅದೇ ಮೊದಲು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಸೊರಗಿದಾನೆ,” ಎಂದೆ.

ಅವಳು ಅಳಲಿಲ್ಲ. ಪಾರ್ಸ್ಲಿ ಸೊಪ್ಪಿನ ಕಡ್ಡಿಯೊಂದನ್ನು ಹೋಬ್ಸ್‌ನ ಮೂಗಿನ ಹತ್ತಿರ ಹಿಡಿದಳು. ಅವನು ಮುಖ ತಿರುಗಿಸಿದ. ಅವಳು ಕೈ ತೆಗೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಂದು ಎಲೆ ಎಳೆದುಕೊಂಡು ಮೆಲ್ಲಗೆ ಅಗಿಯತೊಡಗಿದ. ನಾವಿಬ್ಬರೂ ಉಸಿರು ಬಿಗಿಹಿಡಿದು ಆ ಸದ್ದು ಕೇಳುತ್ತ ಕೂತೆವು.

“ನಾಳೆನೂ ಅಮುಕು,” ಎಂದಳು ಇಲೇನಿ. “ದಪ್ಪ ಆಗೋವರೆಗೂ ದಿನಾ ಅಮುಕಿ ಹೇಳ್ಬೇಕು ನೀನು.”