ಮುಳುಗಿದ್ದೇವೆ, ಬಸ್ಸು ನಿಲ್ಲಿಸಿ

ಮಾರೆಟ್‌ಳ ಊರಿನಲ್ಲಿ ನೀರು ಏರಿತೆಂದರೆ ಯಾರೂ ಬೊಬ್ಬೆ ಹಾಕುವುದಿಲ್ಲ. ಜರ್ಮನಿಯ ದಡದಿಂದ ದೋಣಿಯಲ್ಲಿ ಒಂದೂವರೆ ಗಂಟೆ ದೂರ, ಉತ್ತರ ಸಮುದ್ರದ ನಡುವೆ ಇರುವ ಅಂಗೈಯಗಲದ ನಡುಗಡ್ಡೆ ಅದು. ಸುತ್ತ ತಡೆಗೋಡೆ ಇಲ್ಲ. ಮಣ್ಣು ಪೇರಿಸಿ ಮಾಡಿದ ದಿಬ್ಬಗಳ ಮೇಲೆ ಹನ್ನೊಂದು ಮನೆಗಳು, ಇನ್ನೊಂದು ತಗ್ಗು ದಿಬ್ಬದ ಮೇಲೆ ಚರ್ಚು ಮತ್ತು ಸ್ಮಶಾನ. ಪಶ್ಚಿಮದ ಗಾಳಿಗೆ ಉಬ್ಬರವೂ ಕೂಡಿಕೊಂಡರೆ ಹುಲ್ಲುಗಾವಲೆಲ್ಲ ಸಮುದ್ರದಡಿ ಹೋಗಿ ದಿಬ್ಬಗಳಷ್ಟೇ ಉಳಿಯುತ್ತವೆ. ಆಗ ಒಂದು ಮನೆಯವರು ಇನ್ನೊಂದು ಮನೆಗೆ ಫೋನು ಮಾಡಿ "ಮುಳುಗಿದ್ದೀವಿ" ಎನ್ನುತ್ತಾರೆ. ಅಷ್ಟೇ. ಕುರಿಗಳನ್ನು ಮೇಲಕ್ಕೆ ಹೊಡೆದುಕೊಂಡು, ಟೀಗೆ ನೀರಿಟ್ಟು, ಸಮುದ್ರ ಇಳಿಯುವುದನ್ನು ಕಾಯುತ್ತಾರೆ.

ಮಾರೆಟ್ ಚಿಕ್ಕವಳಿದ್ದಾಗ ಚಳಿಗಾಲಕ್ಕೆ ಏಳೆಂಟು ಸಲ ಹೀಗಾದರೆ ಹೆಚ್ಚು. ಈಗ ಎಷ್ಟು ಸಲ ಎಂದು ಎಣಿಸುವುದನ್ನೇ ಊರವರು ಬಿಟ್ಟಿದ್ದಾರೆ.

ಹೋದ ಜನವರಿಯಲ್ಲಿ ಅಂಥದೇ ಒಂದು ದಿನ ಅವಳ ಗಂಡ ಬ್ರಾರ್‌ಗೆ ಎದೆನೋವು ಬಂತು. ದೋಣಿ ಬಿಡುವಂತಿರಲಿಲ್ಲ. ಹೆಲಿಕಾಪ್ಟರ್ ಬಂತು, ಎರಡು ಸುತ್ತು ಹಾಕಿತು, ಗಾಳಿಗೆ ಇಳಿಯಲಾರದೆ ಹಿಂದಿರುಗಿತು. ನಡುಗಡ್ಡೆಗೆ ಇರುವ ಒಬ್ಬಳೇ ನರ್ಸ್ ಇಮ್ಕೆ ಸೊಂಟಮಟ್ಟ ನೀರಿನಲ್ಲಿ ಚೀಲ ತಲೆಯ ಮೇಲೆ ಹೊತ್ತು ಬಂದಳು. ಚೀಲದಲ್ಲಿದ್ದ ಔಷಧಿಯೆಲ್ಲ ಮುಗಿಯಿತು. ಬ್ರಾರ್ ಅಡುಗೆಮನೆಯ ಬೆಂಚಿನ ಮೇಲೆ, ಮಾರೆಟ್‌ಳ ಕೈ ಹಿಡಿದುಕೊಂಡೇ ಹೋದ.

ಅವನನ್ನು ಚರ್ಚಿನ ದಿಬ್ಬದಲ್ಲಿ ಮಣ್ಣು ಮಾಡಿದರು. ಆ ದಿಬ್ಬ ತಗ್ಗು ಎಂದೆನಲ್ಲ. ಸಮುದ್ರ ಏರಿದಾಗಲೆಲ್ಲ ಸ್ಮಶಾನದ ಅಂಚನ್ನು ನೆಕ್ಕಿ ಹೋಗುತ್ತದೆ. ಬ್ರಾರ್‌ನ ಗೋರಿ ಅಂಚಿನಿಂದ ಎರಡನೆಯದು. ನೀರು ಇಳಿದ ಕೂಡಲೆ ಮಾರೆಟ್ ಗುದ್ದಲಿ ಹಿಡಿದು ಹೋಗುತ್ತಾಳೆ. ಪಾಚಿ ತೆಗೆಯುತ್ತಾಳೆ, ಕೊಚ್ಚಿಹೋದ ಕಡೆ ಹುಲ್ಲುಹೆಂಟೆ ಕೂರಿಸಿ ತುಳಿದು ಗಟ್ಟಿ ಮಾಡುತ್ತಾಳೆ. ಬದುಕಿದ್ದಾಗ ಉಳಿಸಿಕೊಳ್ಳಲಾಗಲಿಲ್ಲ, ಸತ್ತ ಮೇಲೂ ಸಮುದ್ರಕ್ಕೆ ಕೊಡಬೇಕೇ ಎಂಬುದೊಂದೇ ಅವಳ ಎದೆಯಲ್ಲಿ ಕೂತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಇಮ್ಕೆ ಕೈಯಲ್ಲೊಂದು ಹಾಳೆ ಹಿಡಿದು ಬಂದಳು. ಮಾರೆಟ್‌ಳ ಮೈದುನ ಟಾಡೆ ಆಗಲೇ ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದ.

"ಮಾರೆಟಕ್ಕಾ, ನವೆಂಬರಲ್ಲಿ ಬರ್ಲಿನ್‌ನಲ್ಲಿ ಹವಾಮಾನದ ಮೆರವಣಿಗೆ ಇದೆ. ನಮ್ಮೂರಿಂದ ಆರು ಜನ ಹೊರಟಿದಾರೆ. ವೇದಿಕೆ ಮೇಲೆ ಮಾತಾಡೋಕೆ ನಮಗೆ ಮೂರು ನಿಮಿಷ ಕೊಟ್ಟಿದಾರೆ. ನೀನು ಬಾ."

ಟಾಡೆ ನಕ್ಕ. "ಬರ್ಲಿನ್‌ನಲ್ಲಿ ನಿಂತು ಕಿರುಚಿದ್ರೆ ಸಮುದ್ರ ಹೆದರಿಕೊಂಡು ಹಿಂದೆ ಹೋಗತ್ತೇನೇ?"

"ಸಮುದ್ರಕ್ಕೆ ಕೇಳಿಸೋಕೆ ಯಾರು ಹೋಗ್ತಿದಾರೆ ಮಾರಾಯ? ಕಲ್ಲಿದ್ದಲು, ಎಣ್ಣೆ ಸುಟ್ಟೂ ಸುಟ್ಟೂ ಭೂಮಿ ಕಾದಿದೆ, ಮಂಜು ಕರಗ್ತಿದೆ, ನೀರು ಏರ್ತಿದೆ. ಸುಡೋದು ಕಡಿಮೆ ಮಾಡಿ, ನಮ್ಮ ದಿಬ್ಬ ಎತ್ತರಿಸಿ ಅಂತ ಹೇಳೋದು ಸಮುದ್ರಕ್ಕಲ್ಲ, ಕಾನೂನು ಮಾಡೋರಿಗೆ. ಹನ್ನೊಂದು ಮನೆ ವೋಟಿಗೆ ಅವರು ತಿರುಗಿ ನೋಡಲ್ಲ. ಸಾವಿರಾರು ಜನದ ಜೊತೆ ನಿಂತ್ರೆ ನೋಡ್ತಾರೆ."

"ಹೋದ ವರ್ಷ ನೋಡಿದ್ರಲ್ಲ, ಚೆನ್ನಾಗಿ!" ಎಂದ ಟಾಡೆ.

ಆ ಮಾತಿಗೆ ಮಾರೆಟ್‌ಳ ಮುಖ ಗಂಟಾಯಿತು. ಹೋದ ವರ್ಷದ ಕಥೆಯೇ ಹಾಗಿತ್ತು. ಆಗ ಬ್ರಾರ್ ಇನ್ನೂ ಬದುಕಿದ್ದ. ದಡದ ಊರಿನ ನಿವೃತ್ತ ಮೇಷ್ಟ್ರು ಡೆಟ್ಲೆಫ್ ಇದೇ ಮೆರವಣಿಗೆಗೆ ಬಸ್ಸು ಗೊತ್ತು ಮಾಡಿದ್ದರು. ಬ್ರಾರ್ ತನ್ನದೂ ಹೆಂಡತಿಯದೂ ಹೆಸರು ಕೊಟ್ಟಿದ್ದ, ವೇದಿಕೆಯ ಮಾತನ್ನು ಬಾಯಿಪಾಠ ಮಾಡಿದ್ದ. ಹೊರಡುವ ದಿನ ಬೆಳಿಗ್ಗೆಯೇ ಸಮುದ್ರ ಏರಿತು. ಬ್ರಾರ್ ಮೇಷ್ಟ್ರಿಗೆ ಮೆಸೇಜು ಹಾಕಿದ: "ಮುಳುಗಿದ್ದೀವಿ. ಬಸ್ಸು ನಿಲ್ಲಿಸಿ. ಸಂಜೆ ಬರ್ತೀವಿ."

ನಡುಗಡ್ಡೆಯವರಿಗೆ ಆ ಮಾತಿಗೆ ಇರುವುದು ಒಂದೇ ಅರ್ಥ. ಒಣನೆಲದವರು ಅದನ್ನೇ ಬೇರೆ ಥರ ಬಳಸುತ್ತಾರೆ. ಆಫೀಸಿನಲ್ಲಿ ಫೈಲು ಹೆಚ್ಚಾದರೂ ಮುಳುಗಿದ್ದೀವಿ, ಮದುವೆಮನೆಯಲ್ಲಿ ಕೆಲಸ ಹೆಚ್ಚಾದರೂ ಮುಳುಗಿದ್ದೀವಿ. ಮೇಷ್ಟ್ರು ಉತ್ತರ ಬರೆದರು: "ಪಾಪ, ಕೆಲಸ ಜಾಸ್ತಿಯೇ? ನಿಧಾನವಾಗಿ ಮುಗಿಸಿಕೊಳ್ಳಿ. ಮುಂದಿನ ವರ್ಷ ನೋಡೋಣ." ಪಕ್ಕದಲ್ಲೊಂದು ನಗುವ ಮುಖ. ಬಸ್ಸು ಹೋಯಿತು. ನಡುಗಡ್ಡೆಯವರು ಕೆಲಸದಲ್ಲಿ ಮುಳುಗಿರುವುದರಿಂದ ಬಂದಿಲ್ಲ ಎಂದು ಬರ್ಲಿನ್‌ನ ವೇದಿಕೆಯಲ್ಲಿ ಘೋಷಣೆಯೂ ಆಯಿತಂತೆ. ಬ್ರಾರ್ ಅದನ್ನು ಕೇಳಿ ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

"ನಾವು ಮುಳುಗಿದ್ರೂ ಅವರಿಗೆ ತಮಾಷೆ" ಎಂದಳು ಮಾರೆಟ್. "ನಾನು ಬರಲ್ಲ."

ಇಮ್ಕೆ ವಾದಕ್ಕೆ ನಿಲ್ಲಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಹರಡಿದಳು. "ತಪ್ಪು ಅವರದ್ದೊಂದೇ ಅಲ್ಲ ಕಣಕ್ಕ. ನಾವೂ ನಮ್ಮೊಳಗೆ ಮಾತಾಡೋ ಹಾಗೇ ಬರೆದುಬಿಟ್ವಿ. ಈ ಸಲ ಮೇಷ್ಟ್ರಿಗೆ ಬಿಡಿಸಿ ಹೇಳಿದೀನಿ. ನೀರು ಬಂದ್ರೆ ನೀರು ಬಂತು ಅಂತ್ಲೇ ಬರೀತೀವಿ, ಅವರು ತಿರುಗಿ ಫೋನು ಮಾಡಿ ಏನು ಅರ್ಥ ಆಯ್ತು ಅಂತ ಹೇಳ್ಬೇಕು. ಇನ್ನೊಂದು, ಹೊರಡೋ ದಿನವೇ ದೋಣಿ ಹತ್ತೋದು ಬೇಡ. ಉಬ್ಬರದ ಪಟ್ಟಿ ನೋಡಿದೀನಿ. ಗುರುವಾರವೇ ದಾಟಿಬಿಡಿ. ದಡದ ಚರ್ಚಿನ ಸಭಾಭವನದಲ್ಲಿ ಮಲಗೋಕೆ ಜಾಗ ಕೊಡ್ತಾರೆ. ಶನಿವಾರ ಬೆಳಿಗ್ಗೆ ಬಸ್ಸು. ಪ್ರತಿಯೊಬ್ಬರಿಗೂ ಒಬ್ಬೊಬ್ಬ ಜೊತೆಗಾರ. ನಿನ್ನ ಬಿ.ಪಿ. ಮಾತ್ರೆ ಹೆಸರು, ಫೋನ್ ನಂಬರು ಎಲ್ಲಾ ಚೀಟಿಲಿ ಬರೆದು ಕೋಟಿನ ಜೇಬಿಗೆ. ಜನಜಂಗುಳಿಲಿ ತಪ್ಪಿಸಿಕೊಂಡ್ರೆ ಬಸ್ಸಿನ ಹತ್ರ ಬಂದು ನಿಲ್ಲೋದು."

"ಎಲ್ಲಾ ಸರಿ" ಎಂದಳು ಮಾರೆಟ್. "ನನಗೆ ಮೊಣಕಾಲು ನೋವು."

"ಬಸ್ಸಲ್ಲಿ ಮುಂದಿನ ಸೀಟು ಕೊಡಿಸ್ತೀನಿ."

"ಬ್ರಾರ್ ಆಡಬೇಕಿದ್ದ ಮಾತು ನೀನೇ ಆಡು. ನಿನಗೆ ಚೆನ್ನಾಗಿ ಬರತ್ತೆ."

"ನಾನು ಹೋಗ್ತಿಲ್ಲಕ್ಕ."

ಮಾರೆಟ್ ತಲೆಯೆತ್ತಿದಳು. "ಇಷ್ಟೆಲ್ಲ ಮಾಡಿ ನೀನೇ ಹೋಗಲ್ವಾ?"

"ನಾನು ಹೋದಾಗ ಇಲ್ಲಿ ಯಾರಿಗಾದ್ರೂ ಎದೆನೋವು ಬಂದ್ರೆ?" ಇಮ್ಕೆಯ ದನಿ ಸಣ್ಣಗಾಯಿತು. "ಅವತ್ತು ಇದ್ದೂ ಏನೂ ಮಾಡೋಕಾಗಲಿಲ್ಲ. ಇಲ್ದೇನೇ ಹೋದ್ರೆ ನನ್ನ ನಾನು ಕ್ಷಮಿಸಲ್ಲ."

ಟಾಡೆ ಒಲೆಯೊಳಗೆ ಕೆದಕುತ್ತ ಕೂತ. ಇಮ್ಕೆ ಮತ್ತೆ ಕೇಳಿದಳು.

"ಮೊಣಕಾಲು ಹಾಗಿರಲಿ. ನಿಜವಾಗಿ ಏನಕ್ಕ?"

ಮಾರೆಟ್ ಏಪ್ರನ್ನಿನ ತುದಿಯನ್ನು ಹಿಂಡಿದಳು. ಆಮೇಲೆ ಕಟ್ಟೆ ಒಡೆಯಿತು. "ನಾಲ್ಕು ದಿನ ಇಮ್ಕೆ! ನಾನಿಲ್ದಾಗ ನೀರು ಬಂದ್ರೆ ಅವನ ಮೇಲಿನ ಮಣ್ಣು ಹೋಗತ್ತೆ. ಯಾರು ಹಾಕ್ತಾರೆ? ಪೆಟ್ಟಿಗೆ ಕಂಡುಬಿಟ್ರೆ? ಒಂದ್ಸಲ ಕೈಬಿಟ್ಟಿದೀನಿ. ಇನ್ನೊಂದ್ಸಲ ಬಿಡು ಅಂತೀಯಾ?" ಎನ್ನುತ್ತ ಗಳಗಳ ಅತ್ತಳು.

ಏನೂ ಆಗಲ್ಲ ಬಿಡು ಎಂದು ಇಮ್ಕೆ ಹೇಳಲಿಲ್ಲ. ಏನಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು. ಹಾಳೆಯ ಕೆಳಭಾಗದಲ್ಲಿ ಯಾರ ಕುರಿ ಯಾರು ನೋಡಿಕೊಳ್ಳಬೇಕು ಎಂದು ಬರೆದಿದ್ದಳು. ಅದರ ಕೆಳಗೆ "ಬ್ರಾರ್‌ನ ಗೋರಿ" ಎಂದು ಬರೆದಳು. ಮುಂದೆ ತನ್ನ ಹೆಸರು ಬರೆಯಲು ಹೋದಾಗ ಟಾಡೆ ಅಡ್ಡ ಬಂದ.

"ನೀನು ರೋಗಿ ನೋಡು. ಅಲ್ಲಿ ನನ್ನ ಹೆಸರು ಹಾಕು. ನನಗೆ ನಿಮ್ಮ ಮೆರವಣಿಗೆ ಮೇಲೆ ನಂಬಿಕೆ ಇಲ್ಲ. ಅವನು ನಮ್ಮಣ್ಣ, ಅಷ್ಟೇ."

ನವೆಂಬರಿನ ಆ ಗುರುವಾರ ಮಾರೆಟ್ ಸೇರಿ ಏಳು ಜನ ದೋಣಿ ಹತ್ತಿದರು. ರೈ ಧಾನ್ಯದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಟೀ. ಒಬ್ಬೊಬ್ಬರ ಜೇಬಿನಲ್ಲೂ ಇಮ್ಕೆಯ ಚೀಟಿ. ಶನಿವಾರ ನಸುಕಿನಲ್ಲಿ ಬಸ್ಸಿನ ಬಾಗಿಲಲ್ಲಿ ಡೆಟ್ಲೆಫ್ ಮೇಷ್ಟ್ರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. "ಮಾರೆಟಮ್ಮಾ, ನನ್ನಿಂದ ದೊಡ್ಡ ತಪ್ಪಾಯ್ತು. ಬ್ರಾರ್ ಹತ್ರ ಕ್ಷಮೆ ಕೇಳೋಕೂ ಆಗಲಿಲ್ಲ" ಎಂದರು. ಬೈಯಬೇಕೆಂದು ಒಂದು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮಾರೆಟ್‌ಗೆ ಮರೆತುಹೋಯಿತು. "ಬಸ್ಸು ಹೊರಡಿಸಿ ಮೇಷ್ಟ್ರೇ, ಹೊತ್ತಾಗತ್ತೆ" ಎಂದು ಒಳಗೆ ಹೋಗಿ ಕೂತಳು.

ಬರ್ಲಿನ್‌ನಲ್ಲಿ ಕಣ್ಣು ಹಾಯಿಸಿದಷ್ಟೂ ಜನ. ಡೋಲು, ಬಾವುಟ, ಹೆಗಲ ಮೇಲೆ ಕೂತ ಮಕ್ಕಳು. ಮಾರೆಟ್ ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದಾಗ ಫೋನು ಹೊಡೆದುಕೊಂಡಿತು. ಇಮ್ಕೆ.

"ಮಾರೆಟಕ್ಕಾ, ನಿನಗೆ ಸುಳ್ಳು ಹೇಳಲ್ಲ. ನೀರು ಬಂದಿದೆ."

"ಸ್ಮಶಾನಕ್ಕೆ?"

"ಅಂಚು ದಾಟಿದೆ. ಟಾಡೆ ಅಲ್ಲೇ ಇದಾನೆ, ಬೆಳಿಗ್ಗೆಯಿಂದ. ಬಾ ಅಂದ್ರೂ ಬರ್ತಿಲ್ಲ."

ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಬ್ರಾರ್ ಬಾಯಿಪಾಠ ಮಾಡಿದ್ದ ಮಾತನ್ನು ಅವಳು ಬರೆದುಕೊಂಡು ಬಂದಿದ್ದಳು. ಆ ಕಾಗದವನ್ನು ಬಿಚ್ಚಲೇ ಇಲ್ಲ.

"ನಮ್ಮೂರಲ್ಲಿ ಮುಳುಗಿದ್ದೀವಿ ಅಂದ್ರೆ ಕೆಲಸ ಜಾಸ್ತಿ ಅಂತಲ್ಲ" ಎಂದಳು. "ಊರು ಮುಳುಗಿದೆ ಅಂತ. ಹೋದ ವರ್ಷ ಇಲ್ಲಿ ಮಾತಾಡಬೇಕಾಗಿದ್ದೋನು ನನ್ನ ಗಂಡ. ಊರು ಮುಳುಗಿದ ದಿನ ಎದೆನೋವು ಬಂದು ನನ್ನ ಅಡುಗೆಮನೆಲಿ ಸತ್ತ. ಈಗ, ನಾನು ಇಲ್ಲಿ ನಿಂತಿರೋ ಈ ಹೊತ್ತಲ್ಲಿ, ನೀರು ಅವನ ಗೋರಿ ಹತ್ರ ಬಂದಿದೆ. ನನ್ನ ಮೈದುನ ನೀರಲ್ಲಿ ನಿಂತು ಕಾಯ್ತಿದಾನೆ. ನಮಗೆ ಬದುಕೋಕೆ ಒಣನೆಲ ಬೇಕು. ಸತ್ತವರನ್ನ ಮಲಗಿಸೋಕೂ ಬೇಕು. ಇನ್ನೇನೂ ಹೇಳೋಕೆ ನನಗೆ ಬರಲ್ಲ."

ಮೂರು ನಿಮಿಷದಲ್ಲಿ ಒಂದು ನಿಮಿಷವೂ ಆಗಿರಲಿಲ್ಲ. ಡೋಲು ಬಾರಿಸುತ್ತಿದ್ದವರು ಕೈ ಕೆಳಗಿಳಿಸಿದರು. ಯಾರೋ ಅವಳ ತೋಳು ಹಿಡಿದು ಮೆಟ್ಟಿಲಿಳಿಸಿದರು.

ಭಾನುವಾರ ದೋಣಿ ನಡುಗಡ್ಡೆ ಮುಟ್ಟಿದಾಗ ಟಾಡೆ ಕಾಯುತ್ತಿದ್ದ. ಕಣ್ಣು ಕೆಂಪಾಗಿತ್ತು, ಕೈಯಲ್ಲೆಲ್ಲ ಬೊಬ್ಬೆ ಎದ್ದಿತ್ತು. ಇಬ್ಬರೂ ಚರ್ಚಿನ ದಿಬ್ಬಕ್ಕೆ ನಡೆದರು. ಗೋರಿಯ ಮೇಲೆ ಟಾರ್ಪಾಲು ಹೊದಿಸಿ ಸುತ್ತ ಕಲ್ಲು ಹೇರಿದ್ದ. ಮಣ್ಣು ಮುಕ್ಕಾಲು ಪಾಲು ಉಳಿದಿತ್ತು. ತಲೆಯ ಕಡೆ ನೆಟ್ಟಿದ್ದ ಮರದ ಶಿಲುಬೆ ಇರಲಿಲ್ಲ. ಪಕ್ಕದ ಗೋರಿ, ಅಂಚಿನದು, ಅದೂ ಇರಲಿಲ್ಲ. ಅಲ್ಲಿ ಬರಿಯ ಹಳ್ಳ.

"ಶಿಲುಬೆನ ತಬ್ಬಿಕೊಂಡೇ ನಿಂತಿದ್ದೆ ಅತ್ತಿಗೆ" ಎಂದ ಟಾಡೆ. "ಎದೆಮಟ್ಟ ಬಂತು. ಬಿಟ್ಟುಬಿಟ್ಟೆ."

ಮಾರೆಟ್ ಹಳ್ಳದ ಅಂಚಿನಲ್ಲಿ ಕುಸಿದು ಕೂತು ಅತ್ತಳು. ಟಾಡೆಯ ಮೇಲೆ ಸಿಟ್ಟು ಬರಲಿಲ್ಲ. ತಾನಿದ್ದರೂ ಇದಕ್ಕಿಂತ ಹೆಚ್ಚು ಉಳಿಯುತ್ತಿರಲಿಲ್ಲ ಎಂದು ಅವಳಿಗೆ ಅವತ್ತು ಖಚಿತವಾಯಿತು. ಇನ್ನೊಂದು ಚಳಿಗಾಲ, ಹೆಚ್ಚೆಂದರೆ ಎರಡು.

"ಒಂದು ಗುದ್ದಲಿಗೆ, ಒಬ್ಬ ಮನುಷ್ಯನಿಗೆ ಆಗೋ ಕೆಲಸ ಅಲ್ಲ ಇದು" ಎಂದ ಟಾಡೆ. ಒರಟ ಅವನು, ಮುಖ ಆ ಕಡೆ ತಿರುಗಿಸಿಕೊಂಡಿದ್ದ. "ಮುಂದಿನ ಸಲ ನನ್ನ ಹೆಸರು ಮೇಲ್ಗಡೆ ಬರೀರಿ. ಹೋಗೋರ ಪಟ್ಟೀಲಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಿಂದಲೂ ಒಂದು ದಿನ ಇಂಥ ಬಸ್ಸು ಹೊರಡಬೇಕಾಗಬಹುದು. ನಿಮ್ಮದು ಸಮುದ್ರವೋ, ನದಿಯೋ, ಬತ್ತಿದ ಬಾವಿಯೋ, ನಿಮಗೇ ಗೊತ್ತು. ಒಂದೆರಡು ದಿನ ಮುಂಚೆಯೇ ಹೊರಡಿ. ನಿಮ್ಮ ಕಷ್ಟವನ್ನು ಹೊರಗಿನವರಿಗೆ ತಿಳಿಯುವ ಮಾತಿನಲ್ಲಿ ಬಿಡಿಸಿ ಹೇಳಿ, ಏನು ತಿಳಿಯಿತೆಂದು ಅವರ ಬಾಯಿಂದಲೇ ಕೇಳಿಕೊಳ್ಳಿ. ಜೇಬಿನಲ್ಲಿ ಚೀಟಿ ಇರಲಿ, ಪಕ್ಕದಲ್ಲಿ ಜೊತೆಗಾರ ಇರಲಿ. ಬಸ್ಸಿನ ಸೀಟು ಹಿಡಿಯುವುದು ಸುಲಭ. ಹಿಂದೆ ಬಿಟ್ಟು ಹೋಗುವುದನ್ನು ಕಾಯುವವರನ್ನು ಹುಡುಕುವುದೇ ಕಷ್ಟ, ಮೊದಲು ಅದನ್ನು ಮಾಡಿ.

ನಿಮ್ಮ ಬೀದಿಯಲ್ಲೂ ಒಬ್ಬರು ನಾನು ಬರಲ್ಲ ಎಂದು ಕೂತಿರುತ್ತಾರೆ. ಯಾಕೆ ಎಂದು ಕೇಳಿ. ಮೊಣಕಾಲು ನೋವು ಎನ್ನುತ್ತಾರೆ. ಎದ್ದು ಬಂದುಬಿಡಬೇಡಿ. ಇನ್ನೊಂದು ಸಲ ಕೇಳಿ.