ದಿಲ್ಲಾ ಮೇಷ್ಟ್ರು

ಆಂಬುಲೆನ್ಸಿನ ಹಿಂಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಶಿವರಾಜು ಕಾಲು ಒತ್ತಿಕೊಟ್ಟು ಎಳೆದ. ಅದು ಕಿರ್ರೆಂದು ತೆರೆದುಕೊಂಡಾಗ ಅವನ ಅಣ್ಣನ ಪಾದಗಳು ಬಿಳಿ ಬಟ್ಟೆಯಿಂದ ಹೊರಗೆ ಬಂದಿದ್ದವು. ವನಜಾ ಕೆಳಗಿಳಿದವಳೇ ಗಂಡನ ಪಾದಗಳನ್ನು ಮುಚ್ಚಿದಳು.

"ನಿಧಾನ ಕಣ್ಲಾ, ತಲೆ ಕಡೆ ಇಡ್ಕೊ," ಎಂದು ಯಾರೋ ಕೂಗಿದರು.

ಮಂಡ್ಯದ ಗುತ್ತಲಿನ ಬಾಡಿಗೆ ಮನೆಯಲ್ಲಿ ಹಿಂದಿನ ಮಧ್ಯಾಹ್ನ ಪೇಪರ್ ಓದುತ್ತಾ ಕೂತಲ್ಲೇ ಮಹದೇವು ಪ್ರಾಣ ಬಿಟ್ಟಿದ್ದರು. ಅರವತ್ತೊಂದು ವರ್ಷ. ಮಣ್ಣು ಹುಟ್ಟಿದೂರಲ್ಲೇ ಆಗಬೇಕೆಂದು ಶಿವರಾಜು ಹಟ ಹಿಡಿದ. ಹಾಗಾಗಿ ಬೆಳಗಾಗುತ್ತಲೇ ಕೆರಗೋಡು ದಾಟಿ, ಕಬ್ಬಿನ ಗದ್ದೆಗಳ ನಡುವಿನ ಊರಿಗೆ ತಂದಿದ್ದರು. ಊರಿಗೆ ಅನ್ನುವುದಕ್ಕಿಂತ ಊರಾಚೆಯ ಕೇರಿಗೆ.

ಕೇರಿಯ ಕೊನೆಯಲ್ಲಿ ಮಹದೇವು ಅವರ ಚಿಕ್ಕಪ್ಪ, ಎಂಬತ್ತು ದಾಟಿದ ಮುದ್ದಯ್ಯ, ಕಬ್ಬಿನ ಸೋಗೆಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದ. ವನಜಾ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಮಾವ, ತಮಟೆ ಬ್ಯಾಡ."

"ಯಾಕವ್ವಾ?"

"ಅವ್ರೇ ಹೇಳಿದ್ರು. ಬುದ್ಧವಂದನೆ ಹೇಳುದ್ರೆ ಸಾಕು, ತಮಟೆ ಬಡೀಬ್ಯಾಡಿ ಅಂತ."

ಮುದ್ದಯ್ಯ ತಮಟೆಯನ್ನು ಬೆಂಕಿಯಿಂದ ಈಚೆಗೆ ತೆಗೆದ. "ಊರೋರ ಎಣಕ್ಕೆಲ್ಲಾ ಬಡ್ದು ಬಡ್ದು ನಮ್ಮಣ್ಣನ ಬೆಳ್ಳು ಸೊಟ್ಟಗಾಗೋಗಿದ್ವು. ಇವ್ನು ಚಿಕ್ಕುಡುಗ, ಅಪ್ಪುನ್ ಕೈ ನೋಡ್ಕಂಡೇ ಬೆಳ್ದ. ಅದ್ಕೇ ಅಂಗಂದವ್ನೆ. ಸರಿನೆಯ. ಆದ್ರೆ ನಮ್ಮುಡುಗುಂಗೆ ನಾನು ಬಡೀಬಾರ್ದಾ?"

ಮುದುಕ ತಮಟೆಯನ್ನು ಗೋಡೆಗೆ ಮುಖ ಮಾಡಿ ಒರಗಿಸಿಟ್ಟ.

*

ದಿಲ್ಲಾ ಇರುವುದು ಇಥಿಯೋಪಿಯಾದಲ್ಲಿ, ಕಾಫಿ ಬೆಳೆಯುವ ಗುಡ್ಡಗಳ ನಡುವೆ. ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಹದಿನೆಂಟು ವರ್ಷ ಬಸ್ಸಿನಲ್ಲಿ ಓಡಾಡಿ ಅತಿಥಿ ಉಪನ್ಯಾಸಕರಾಗಿ ಇಂಗ್ಲಿಷ್ ಕಲಿಸಿ, ಕಾಯಂ ಆಗುವ ಆಸೆ ಬತ್ತಿದ ಮೇಲೆ, ಪೇಪರಿನಲ್ಲಿ ಬಂದ ಜಾಹೀರಾತು ನೋಡಿ ಮಹದೇವು ಅಲ್ಲಿನ ಕಾಲೇಜಿಗೆ ಅರ್ಜಿ ಹಾಕಿ ಹೋಗಿದ್ದರು. ಅದು 2010. ವನಜಾ ಗುತ್ತಲಿನ ಸ್ಕೂಲಿನ ಟೀಚರು, ಮಗಳು ನಾಗಶ್ರೀ ಐದನೇ ಕ್ಲಾಸು. ಅವರಿಬ್ಬರೂ ಇಲ್ಲೇ ಉಳಿದರು.

ಪ್ರತಿ ಭಾನುವಾರ ಫೋನು ಬರುತ್ತಿತ್ತು. ಮೊದಮೊದಲು ಬರೀ ದೂರು. ಇಂಜೆರಾ ಅಂತ ಒಂದು ರೊಟ್ಟಿಯಂತೆ, ಮೂರು ದಿನದ ಹಿಟ್ಟಿನ ದೋಸೆಯಂಥ ಹುಳಿ. ತಾನು ಮಂಡ್ಯದ ಉಚ್ಚಾರದಲ್ಲಿ 'ವಾಟರ್' ಅಂದರೆ ಕ್ಲಾಸೆಲ್ಲ ನಗುತ್ತದಂತೆ. ಮಳೆ ಬಂದರೆ ಕೆಂಪು ಕೆಸರು ಪ್ಯಾಂಟಿನ ಮೊಳಕಾಲವರೆಗೆ. ಆಮೇಲಾಮೇಲೆ ಸೊಪ್ಪಿನವಳ ಹತ್ತಿರ ಒಂದು, ಎರಡು, ಮೂರು ಎಣಿಸಲು ಕಲಿತದ್ದು, ಹುಡುಗರು ದಾರಿಯಲ್ಲಿ ನಿಲ್ಲಿಸಿ ಕೈ ಕುಲುಕುವುದು, ಮನೆಯೊಡತಿ ಅಲ್ಮಾಜ್ ಕಾಫಿ ಬೀಜ ಹುರಿದರೆ ಬೀದಿಯೆಲ್ಲ ಘಮ್ಮೆನ್ನುವುದು.

ಒಂದು ಭಾನುವಾರ ಹಲೋ ಕೂಡ ಅನ್ನದೆ ಶುರು ಮಾಡಿದರು.

"ಅಲ್ಮಾಜ್ ಊಟಕ್ಕೆ ಕರುದ್ರು ಕಣೆ. ನಾನು ನನ್ನ ಲೋಟ ತಗಂಡೋಗಿ ಅಂಗಳದಲ್ಲೇ ನಿಂತ್ಕಂಡೆ. ಯಾಕೆ ಆಚೆ ನಿಂತಿದೀಯ, ಬಾಗ್ಲು ತೆರ್ದೈತಲ್ಲ ಅಂದ್ರು. ಒಳಗೋದೆ. ಒಂದೇ ದೊಡ್ಡ ತಟ್ಟೆ, ಆರು ಜನ್ರ ಕೈ. ಆವಮ್ಮ ಒಂದು ತುತ್ತು ಸುತ್ತಿ ನನ್ನ ಬಾಯಿಗೇ ಇಟ್ಬುಟ್ರು. ಬೇಕಾದೋರ್ಗೆ ಅಂಗೆ ತಿನ್ನುಸ್ತಾರಂತೆ. ನಮ್ಮವ್ವ ಬಿಟ್ರೆ ಯಾರೂ ನನ್ನ ಬಾಯಿ ಮುಟ್ಟಿರ್ಲಿಲ್ಲ, ವನಜಾ."

"ಏನೂ ಕೇಳ್ಲಿಲ್ವಾ ಅವ್ರು?"

"ಊಟಕ್ಕೆ ಬಂದಿದ್ದೋರು ಕೇಳುದ್ರು. ಯಾವ ದೇಶ ಅಂತ."

ಆ ಊರಿನಲ್ಲೂ ಅವರವರಲ್ಲಿ ಮೇಲು ಕೀಳು ಇದ್ದೇ ಇತ್ತಂತೆ. ಆದರೆ ಅದು ಮಹದೇವು ಅವರ ಬಾಗಿಲಿಗೆ ಬರಲಿಲ್ಲ. ಅವರು ಬರೀ ಇಂಡಿಯಾದ ಮೇಷ್ಟ್ರು.

*

ಹನ್ನೊಂದರ ಹೊತ್ತಿಗೆ ಊರೊಳಗಿಂದ ಶಿವಯ್ಯ ಬೈಕಿನಲ್ಲಿ ಬಂದ. ಹೊಸದಾಗಿ ಕಟ್ಟಿದ ಗುಡಿಯ ಕಮಿಟಿಯವನು. ಬೈಕಿನಿಂದ ಇಳಿಯಲಿಲ್ಲ, ಎಂಜಿನ್ ಕೂಡ ಆರಿಸಲಿಲ್ಲ.

"ವನಜಮ್ಮ, ತಪ್ಪು ತಿಳ್ಕಬ್ಯಾಡಿ. ಮೇಷ್ಟ್ರು ಅಂದ್ರೆ ನಮ್ಗೂ ಗೌರ್ವನೆಯ. ದೊಡ್ಡಬೀದೀಲಿ ಗುಡಿ ಪ್ರತಿಷ್ಠೆ ನಡೀತಾ ಅದೆ. ಎಣ ಅತ್ಲಾಗೆ ಬ್ಯಾಡ. ನಾಲೆ ಏರಿ ಮೇಲೆ ತಗಂಡೋಗ್ಬುಡಿ."

"ಮೊನ್ನೆ ನಿಮ್ಮ ದೊಡ್ಡಪ್ಪುನ್ನ ಅದೇ ಬೀದೀಲಿ ತಗಂಡೋಗ್ಲಿಲ್ವಾ?" ಶಿವರಾಜು ಬೈಕಿನ ಹ್ಯಾಂಡಲ್ ಹಿಡಿದ. "ಆವಾಗ ದೇವ್ರಿಗೆ ಕಣ್ಣು ಕಾಣ್ನಿಲ್ವಾ?"

"ಲೇ, ನಾನು ಯೋಳಕ್ಕೆ ಬಂದವ್ನು ಕಣ್ಲಾ, ಜಗಳಕ್ಕಲ್ಲ."

ಕೇರಿಯ ಹುಡುಗರು ಎದ್ದು ನಿಂತಿದ್ದರು. ಒಬ್ಬ ಪೊಲೀಸಿಗೆ ಫೋನು ಮಾಡುತ್ತೇನೆಂದ. ಇನ್ನೊಬ್ಬ, ಪೊಲೀಸು ಯಾಕೆ, ಬೀದೀಲೇ ಹೋಗವ, ಯಾರು ತಡೀತಾರೆ ನೋಡವ ಎಂದ. ವನಜಾ ಗಂಡನ ಮುಖ ನೋಡಿದಳು. ಬಿಸಿಲೇರುತ್ತಿತ್ತು, ಆ ಕಪ್ಪು ಮುಖ ಆಗಲೇ ಬೂದಿಬಣ್ಣಕ್ಕೆ ತಿರುಗಿತ್ತು.

"ಏರಿ ಮೇಲೇ ಹೋಗವ," ಅಂದಳು.

"ಅತ್ಗೆ!"

"ನಿಮ್ಮಣ್ಣುನ್ನ ಬಿಸ್ಲಲ್ಲಿ ಮಡಿಕಂಡು ನ್ಯಾಯ ಮಾಡ್ತೀಯಾ? ಹುಡುಗ್ರ ಮೇಲೆ ಕೇಸಾದ್ರೆ ಕೋರ್ಟಿಗೆ ಅಲೆಯೋರು ಯಾರು?"

"ಒಳ್ಳೆ ಮಾತು ಕಣಮ್ಮ. ಓದಿದೋರು ಅಂದ್ರೆ ಇಂಗಿರ್ಬೇಕು," ಎಂದು ಶಿವಯ್ಯ ಬೈಕು ತಿರುಗಿಸಿದ.

ಶಿವರಾಜು ಅವಳ ಕಡೆ ನೋಡದೆ ಚಟ್ಟ ಕಟ್ಟಲು ಹೋದ. ನಾಗಶ್ರೀ ಬಂದು ಅಮ್ಮನ ಪಕ್ಕ ನಿಂತಳು.

"ಅಮ್ಮ, ಅಪ್ಪನ ಮೊಬೈಲಲ್ಲಿ ಅಲ್ಮಾಜ್ ಅವರ ನಂಬರ್ ಇತ್ತು. ನೆನ್ನೆ ಸಂಜೆನೇ ಮೆಸೇಜ್ ಹಾಕ್ದೆ. ನೋಡಿದಾರೆ, ಉತ್ತರ ಬಂದಿಲ್ಲ."

"ಬುಡು. ಅವ್ರು ಅಲ್ಲಿಂದ ಬಂದು ಏಳು ವರ್ಷ ಆಯ್ತು. ಫೋನಲ್ಲಿ ಮಾತಾಡೋರು ಸಾವಿಗೆ ಅಳ್ತಾರಾ."

*

2018ರಲ್ಲಿ ದಿಲ್ಲಾದ ಕಾಲೇಜಿನವರು ಇನ್ನೂ ನಾಲ್ಕು ವರ್ಷ ಇರಿ ಎಂದಿದ್ದರು. ಮಹದೇವು ಫೋನಿನಲ್ಲಿ ಅಳೆದು ಸುರಿದು ಮಾತಾಡಿದರು. "ನೀನೂ ಬಂದ್ಬುಡು ವನಜಾ. ನಾಗಶ್ರೀ ಇಲ್ಲೂ ಓದ್ಬೋದು. ಮನೆ ಹಿಂದೆ ದಂಟಿನ ಸೊಪ್ಪು ಹಾಕಿದೀನಿ, ಅವರೆ ಹಾಕಿದೀನಿ. ನಿಂಗೆ ಬೇಜಾರಾಗಲ್ಲ."

ವನಜಾಳಿಗೆ ಸಿಟ್ಟು ಬಂದಿತ್ತು. ಎಂಟು ವರ್ಷ ಒಬ್ಬಳೇ ಸಂಸಾರ ತೂಗಿಸಿದ ಸಿಟ್ಟು. "ವಯಸ್ಸೇನು ಚಿಕ್ಕದಾ ನಿಮ್ಗೆ? ಅಲ್ಲಿ ಸತ್ರೆ ಅಳೋರು ಯಾರವ್ರೆ? ಇಲ್ಲಾದ್ರೆ ನಮ್ಮೋರು ಅಂತ ನಾಕು ಜನ ಬತ್ತಾರೆ. ಬಂದ್ಬುಡಿ."

ಅವರು "ಸರಿ" ಎಂದರು.

ಎರಡು ಸೂಟ್‌ಕೇಸು ಹಿಡಿದು ಬಂದರು. ಗುತ್ತಲಿನಲ್ಲಿ ಟ್ಯೂಷನ್ ಶುರು ಮಾಡಿದರು. ಮೇಷ್ಟ್ರ ಊರು ಯಾವುದು, ಕೇರಿ ಯಾವುದು ಎಂದು ಗೊತ್ತಾದಂತೆ ಒಂದೊಂದೇ ಮಗು ಬರುವುದು ನಿಂತಿತು. ಅವರು ಯಾರನ್ನೂ ಬೈಯಲಿಲ್ಲ, ಮಾತು ಕಮ್ಮಿ ಮಾಡಿದರು ಅಷ್ಟೆ. ಭಾನುವಾರ ಮಾತ್ರ ಮಹಡಿಗೆ ಹೋಗಿ ಫೋನಿನಲ್ಲಿ ಅವಳಿಗೆ ತಿಳಿಯದ ಆ ಭಾಷೆ ಮಾತಾಡುತ್ತಿದ್ದರು. ಮಹಡಿಯಿಂದ ಕೇಳುತ್ತಿದ್ದ ಅವರ ನಗು ಮನೆಯೊಳಗೆ ಅವಳು ಯಾವತ್ತೂ ಕೇಳಿದ್ದಲ್ಲ. ಅಷ್ಟು ಹೊತ್ತೂ ವನಜಾ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಸದ್ದು ಮಾಡಿ ತೊಳೆಯುತ್ತಿದ್ದಳು.

*

ಏರಿಯ ಮೇಲೆ ಇಬ್ಬರು ಪಕ್ಕಪಕ್ಕ ನಡೆಯುವಷ್ಟೂ ಜಾಗವಿರಲಿಲ್ಲ. ಚಟ್ಟ ಹೊತ್ತವರು ಅಡ್ಡಡ್ಡ ಹೆಜ್ಜೆ ಹಾಕುತ್ತಾ ಹೋದರು. ಒಂದು ಕಡೆ ಶಿವರಾಜುವಿನ ಕಾಲು ಜಾರಿ ಚಟ್ಟ ನಾಲೆಯ ನೀರಿನ ಕಡೆ ವಾಲಿತು. ಎಲ್ಲರೂ ಹೋ ಎಂದು ಹಿಡಿದುಕೊಂಡರು. ಹಿಂದೆ ಬಂದವರು ಕೇರಿಯವರು ಮಾತ್ರ. ಹದಿನೆಂಟು ವರ್ಷ ಪಾಠ ಹೇಳಿದ ಮೂರು ಊರುಗಳಿಂದ ಒಬ್ಬರೂ ಬಂದಿರಲಿಲ್ಲ.

ಗುಂಡಿಯ ಹತ್ತಿರ ನಾಗಶ್ರೀ 'ಬುದ್ಧಂ ಸರಣಂ ಗಚ್ಛಾಮಿ' ಎಂದು ಶುರು ಮಾಡಿದಳು. ಗುಡಿಯ ಮೈಕಿನ ಸದ್ದಿನಲ್ಲಿ ಅವಳ ದನಿ ಪಕ್ಕದವರಿಗೇ ಕೇಳಿಸಲಿಲ್ಲ. ತುಟಿ ನೋಡಿಕೊಂಡು ಎಲ್ಲರೂ ಹೇಳಿದರು. ವನಜಾ ಮೂರು ಹಿಡಿ ಮಣ್ಣು ಹಾಕಿದಳು. ಆಮೇಲೆ ಸನಿಕೆಗಳ ಸದ್ದು.

ಗುಂಡಿ ಅರ್ಧ ತುಂಬಿರಬೇಕು, ನಾಗಶ್ರೀ ಓಡಿಬಂದು ಫೋನನ್ನು ಅಮ್ಮನ ಕೈಗಿಟ್ಟಳು. "ಅವ್ರು ಅಮ್ಮ. ವಿಡಿಯೋ."

ಬಿಳಿ ಶಾಲು ಹೊದ್ದ ಹೆಂಗಸೊಬ್ಬಳು ಅತ್ತು ಬಾತ ಕಣ್ಣಲ್ಲಿ ಇವಳನ್ನು ನೋಡಿದಳು. "ವನಜಾ," ಎಂದಳು. ಅದೊಂದೇ ಮಾತು ಇಬ್ಬರಿಗೂ ತಿಳಿಯುವಂಥದ್ದು. ಆಮೇಲೆ ಅವಳು ಫೋನನ್ನು ತಿರುಗಿಸಿದಳು.

ಅಲ್ಲಿ ಮಳೆ ಸುರಿಯುತ್ತಿತ್ತು. ಸಾವಿನ ಮನೆಯ ಮುಂದೆ ಕಟ್ಟುವ ಹಾಗೆ ಅಂಗಳಕ್ಕೆ ಟಾರ್ಪಾಲು ಎಳೆದು ಡೇರೆ ಕಟ್ಟಿದ್ದರು. ಒಳಗೆ ಸಾಲುಸಾಲು ಬೆಂಚು. ಮುದುಕರು, ಮಗು ಎತ್ತಿಕೊಂಡ ಹೆಂಗಸರು, ಟೈ ಕಟ್ಟಿದವರು, ಕೆಸರುಗಾಲಿನವರು. ಜಾಗ ಸಾಲದೆ ಆಚೆ ಬೀದಿಯಲ್ಲೂ ಕೊಡೆ ಹಿಡಿದು ನಿಂತಿದ್ದರು. ವನಜಾಳಿಗೆ ಒಂದು ಮುಖವೂ ಗೊತ್ತಿರಲಿಲ್ಲ. ಫೋನಿನಲ್ಲಿ ಅವಳು ಕಂಡದ್ದೇ, ಕೂತವರೆಲ್ಲ ಎದ್ದು ನಿಂತರು.

"ತಡೀರಿ," ಎಂದಳು ವನಜಾ. ಸನಿಕೆಗಳು ನಿಂತವು.

ಅವಳು ಗುಂಡಿಯ ಅಂಚಿಗೆ ಮಂಡಿಯೂರಿ, ಮಣ್ಣು ಮೆತ್ತಿದ ಕೈಯಲ್ಲಿ ಫೋನಿನ ಪರದೆಯನ್ನು ಗುಂಡಿಯೊಳಕ್ಕೆ ತಿರುಗಿಸಿ, ಅದು ಅಲುಗದಂತೆ ಇನ್ನೊಂದು ಕೈಯಲ್ಲಿ ತನ್ನ ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.